ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ: ಜಮಖಂಡಿ ಸೀಮೆಯ ಕ್ಯಾನ್ಸರ್ ರೋಗಿಗಳಲ್ಲಿ

ಆಪರೇಷನ್ನಿನ ದಿನ ಗೊತ್ತಾದಾಗಿನಿಂದ ಅರಿವಳಿಕೆಯ ಮಂಪರು ಕವಿಯುವವರೆಗೆ ರೋಗಿಯನ್ನು ಕಾಡುವ ಅಂಜಿಕೆ, ನಿದ್ದೆಗೇಡು, ಎದೆಬಡಿತ, ಹೊಟ್ಟೆ ತೊಳಸುವಿಕೆಗಳಿಗೆ ಒಟ್ಟಾಗಿ ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕವೆಂದು ಹೆಸರು. ಇದು ಮನೋರೋಗವಲ್ಲ, ಬಹುಪಾಲು ರೋಗಿಗಳಲ್ಲಿ ಒಂದಲ್ಲ ಒಂದು ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಕಬ್ಬು ಮತ್ತು ಮಗ್ಗವೇ ಬದುಕಿನ ಆಧಾರ. ಹೀಗಾಗಿ ಇಲ್ಲಿ ಆತಂಕಕ್ಕೆ ಕೆಲವು ಸ್ಥಳೀಯ ಮುಖಗಳಿವೆ. ಮಗ್ಗಕ್ಕೆ ಹೂಡಿದ ಬೀಮು (ಹಾಸುನೂಲಿನ ಉರುಳೆ) ಮುಗಿಯುವ ತನಕ ತಡೆಯಬಹುದೇ, ಕಬ್ಬಿನ ಕಟಾವಿನ ಸರದಿ ಬಂದರೆ ಹೊಲದಲ್ಲಿ ಯಾರು ನಿಲ್ಲಬೇಕು ಎಂಬ ಪ್ರಶ್ನೆಗಳ ಹಿಂದೆ ಹಲವು ಬಾರಿ ಅಡಗಿರುವುದು ಅಂಜಿಕೆಯೇ. ಅವನ್ನು ಬರೀ ಸಬೂಬೆಂದು ತಳ್ಳಿಹಾಕಬಾರದು.

ಪರ ಊರಿನ ದವಾಖಾನೆ

ದೊಡ್ಡ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಈ ಭಾಗದವರು ಸಾಮಾನ್ಯವಾಗಿ ಬಾಗಲಕೋಟೆ, ಬೆಳಗಾವಿ, ಹುಬ್ಬಳ್ಳಿ, ಮಿರಜಗಳಿಗೆ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ (ಸ್ಥಾಪನೆ 1973) ಹೋಗುತ್ತಾರೆ. ಮಿರಜದ ಹಾದಿ ಹಳೆಯದು. ಜಮಖಂಡಿ, ಮಿರಜ ಎರಡೂ ಹಿಂದೆ ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದವು. ಮಿರಜದ ಮಿಷನ್ ಆಸ್ಪತ್ರೆಯನ್ನು ವಿಲಿಯಂ ವಾನ್ಲೆಸ್ 1894ರಲ್ಲಿ ಕಟ್ಟಿದರು. ಖರ್ಚಿನ ಚಿಂತೆ ಆತಂಕದ ದೊಡ್ಡ ಪಾಲು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ (2018) ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ರಾಜ್ಯದ ಗಡಿ ದಾಟಿ ಮಿರಜಕ್ಕೆ ಹೋಗುವವರು ಯೋಜನೆಯ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ವೈದ್ಯರ ಪ್ರಮಾಣಪತ್ರವಿದ್ದರೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಾರನಿಗೆ ಶೇ. 75ರಷ್ಟು ರಿಯಾಯಿತಿ ಸಿಗುತ್ತದೆ.

ಮುಚ್ಚಿಟ್ಟ ಸುದ್ದಿ

ರೋಗದ ಹೆಸರನ್ನು ರೋಗಿಯ ಎದುರು ಎತ್ತದಿರುವುದು ಮನೆಮಂದಿಯ ರೂಢಿ. ‘ಸಣ್ಣ ಗಂಟೈತಿ, ತಗೀತಾರ’ ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. ಅಕ್ಕರೆಯಿಂದಲೇ ಹೀಗೆ ಮಾಡುತ್ತಾರೆ, ನಿಜ. ಆದರೆ ಪಕ್ಕದ ಹಾಸಿಗೆಯವರಿಂದಲೋ ವಾರ್ಡಿನ ಬೋರ್ಡಿನಿಂದಲೋ ವಿಷಯ ತಿಳಿದ ರೋಗಿ, ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂದು ಲೆಕ್ಕ ಹಾಕತೊಡಗುತ್ತಾನೆ. ಕಾನೂನಿನ ಮಾತೂ ಇದೆ: ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯನ್ನು ವಿಷಯ ತಿಳಿದ ರೋಗಿಯೇ ಕೊಡಬೇಕು. ತುರ್ತು ಸ್ಥಿತಿಯಲ್ಲದಾಗ, ತಿಳಿವಳಿಕೆಯುಳ್ಳ ವಯಸ್ಕ ರೋಗಿಯ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ಸಲ್ಲದೆಂದು ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿದೆ.

ತಂಬಾಕು, ಗುಟ್ಕಾಗಳಿಂದ ಬರುವ ಬಾಯಿ ಕ್ಯಾನ್ಸರಿನಲ್ಲಿ ಈ ಮೌನದ ಬೆಲೆ ಹೆಚ್ಚು. ದವಡೆಯ ಭಾಗ ತೆಗೆದ ಜಾಗವನ್ನು ತುಂಬಲು ಕೆಲವೊಮ್ಮೆ ಎದೆಯ ಚರ್ಮ, ಸ್ನಾಯುಗಳನ್ನು ಮೇಲಕ್ಕೆ ಎಳೆದು ಹೊಲಿಯುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ, ಎಚ್ಚರವಾದಾಗ ಎದೆಯ ಮೇಲಿನ ಪಟ್ಟಿ ಕಂಡು ರೋಗ ಅಲ್ಲಿಗೂ ಹಬ್ಬಿತೆಂದು ರೋಗಿ ಹೆದರಬಹುದು. ಮೂಗಿನಲ್ಲಿ ಊಟದ ನಳಿಕೆ ಇರುತ್ತದೆ. ಗಂಟಲಿಗೆ ಉಸಿರಿನ ನಳಿಕೆ ಹಾಕಿದ್ದರೆ ಕೆಲವು ದಿನ ಮಾತೂ ಹೊರಡುವುದಿಲ್ಲ. ನೀರು, ನೋವು, ಉಸಿರು, ಶೌಚಕ್ಕೆ ಯಾವ ಕೈಸನ್ನೆ ಎಂದು ಹಿಂದಿನ ದಿನವೇ ಜೊತೆಗಾರರೊಡನೆ ಗೊತ್ತುಮಾಡಿಕೊಂಡರೆ, ಅಕ್ಷರ ಬಾರದವರಿಗೂ ಧೈರ್ಯ ಬರುತ್ತದೆ.

ಅಧ್ಯಯನದ ಇತಿಹಾಸ

ಶಸ್ತ್ರಚಿಕಿತ್ಸೆಗೆ ಮುಂಚಿನ ಭಯದ ಬಗ್ಗೆ ಅಮೆರಿಕದ ಮನೋವಿಜ್ಞಾನಿ ಇರ್ವಿಂಗ್ ಜ್ಯಾನಿಸ್ 1958ರಲ್ಲೇ ಬರೆದಿದ್ದರು. ತುಸು ಭಯಪಟ್ಟವರೇ ಮುಂದೆ ಚೆನ್ನಾಗಿ ತಾಳಿಕೊಳ್ಳುತ್ತಾರೆ ಎಂಬ ಅವರ ವಾದಕ್ಕೆ ನಂತರದ ಅಧ್ಯಯನಗಳ ಬೆಂಬಲ ಅಷ್ಟಾಗಿ ಸಿಕ್ಕಿಲ್ಲ. ಹೆಚ್ಚು ಬಾಳಿಕೆ ಬಂದದ್ದು ಬಾಸ್ಟನ್ನಿನ ಅರಿವಳಿಕೆ ತಜ್ಞ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು 1964ರಲ್ಲಿ ಪ್ರಕಟಿಸಿದ ಪ್ರಯೋಗ. ಹೊಟ್ಟೆಯ ಆಪರೇಷನ್ನಿನ 97 ರೋಗಿಗಳಲ್ಲಿ ಒಂದು ಗುಂಪಿನವರಿಗೆ ಹಿಂದಿನ ರಾತ್ರಿಯೇ ಎಲ್ಲವನ್ನೂ ಹೇಳಲಾಯಿತು: ನೋವು ಎಲ್ಲಿ, ಎಷ್ಟು, ಎಷ್ಟು ಹೊತ್ತು, ಸ್ನಾಯು ಸಡಿಲಿಸುವುದು ಹೇಗೆ, ಮಗ್ಗುಲು ತಿರುಗುವುದು ಹೇಗೆ. ಆ ಗುಂಪಿಗೆ ನೋವಿನ ಮದ್ದು ಸುಮಾರು ಅರ್ಧದಷ್ಟೇ ಸಾಕಾಯಿತು; ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಮನೆಗೆ ಕಳಿಸುವ ತೀರ್ಮಾನ ಕೈಗೊಂಡ ಶಸ್ತ್ರವೈದ್ಯರಿಗೆ ಯಾರು ಯಾವ ಗುಂಪಿನವರೆಂದು ಗೊತ್ತಿರಲಿಲ್ಲ. ಪ್ರಯೋಗದ ತೂಕ ಇರುವುದು ಇಲ್ಲಿಯೇ. ಆ 97 ಮಂದಿ ಕ್ಯಾನ್ಸರ್ ರೋಗಿಗಳೆಂದೇ ಆರಿಸಿದವರಲ್ಲವಾದ್ದರಿಂದ ಫಲಿತಾಂಶವನ್ನು ಇಲ್ಲಿಗೆ ಹಾಗೆಯೇ ಹೊಂದಿಸಲಾಗದು.

ಆಮ್‌ಸ್ಟರ್‌ಡ್ಯಾಮಿನಲ್ಲಿ 1996ರಲ್ಲಿ ರೂಪುಗೊಂಡ ಆರು ಪ್ರಶ್ನೆಗಳ ಮಾಪಕದಲ್ಲಿ ನಾಲ್ಕು ಪ್ರಶ್ನೆಗಳು ಆತಂಕವನ್ನು ಅಳೆಯುತ್ತವೆ. ಉಳಿದೆರಡು, ರೋಗಿಗೆ ಎಷ್ಟು ಮಾಹಿತಿ ಬೇಕೆಂಬುದನ್ನು. ಈ ಎರಡೇ ಹೆಚ್ಚು ಉಪಯುಕ್ತ, ಏಕೆಂದರೆ ಎಲ್ಲವನ್ನೂ ತಿಳಿಯಬಯಸದವರೂ ಇರುತ್ತಾರೆ. ಸಂಗೀತ ಕೇಳಿಸುವುದರಿಂದ ಆತಂಕ ತಗ್ಗಬಹುದೆಂದು 26 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ 2013ರ ಪರಾಮರ್ಶೆ ಹೇಳುತ್ತದೆ. ವಚನವೋ ಭಜನೆಯೋ, ಆಯ್ಕೆ ರೋಗಿಯದಾಗಿರಲಿ.

ತಾಳಿ ಮತ್ತು ಇಷ್ಟಲಿಂಗ

ಥಿಯೇಟರಿನ ಬಾಗಿಲಲ್ಲಿ ಒಡವೆ ಬಿಚ್ಚಿಸುವಾಗ ತಡೆದುಕೊಂಡಿದ್ದ ಅಳು ಒಡೆಯುವುದುಂಟು. ವಿದ್ಯುತ್ ಉಪಕರಣದಿಂದ ರಕ್ತಸ್ರಾವ ನಿಲ್ಲಿಸುವಾಗ ಮೈಮೇಲಿನ ಲೋಹದಿಂದ ಸುಟ್ಟ ಗಾಯವಾಗುವ ಸಂಭವವಿರುವುದರಿಂದ ತೆಗೆಸುತ್ತಾರೆ. ಗಂಡ ಬದುಕಿರುವಾಗ ತಾಳಿ ತೆಗೆಯುವುದು ಅಪಶಕುನವೆಂದು ಭಾವಿಸುವವರು ಬದಲಿಗೆ ಅರಿಶಿನದ ಕೊಂಬು ಕಟ್ಟಿದ ದಾರ ಧರಿಸಬಹುದೇ ಎಂದು ಹಿಂದಿನ ದಿನವೇ ಕೇಳುವುದು ಒಳ್ಳೆಯದು. ಲಿಂಗಾಯತರಲ್ಲಿ ಬೆಳ್ಳಿಯ ಕರಡಿಗೆಯನ್ನು ಬಿಟ್ಟು ಇಷ್ಟಲಿಂಗವನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಲು ಬರುತ್ತದೆಯೇ ಎಂಬುದನ್ನೂ ಹಾಗೆಯೇ ವಿಚಾರಿಸಬಹುದು. ಉತ್ತರ ಗಾಯದ ಜಾಗವನ್ನೂ ಆಸ್ಪತ್ರೆಯ ನಿಯಮವನ್ನೂ ಅವಲಂಬಿಸುತ್ತದೆ.

ಔಷಧ, ಸಲಹೆ

ರಾತ್ರಿ ನಿದ್ದೆಗೆ ಮಾತ್ರೆ ಬೇಕಿದ್ದರೆ ಅರಿವಳಿಕೆ ವೈದ್ಯರೇ ಬರೆದುಕೊಡುತ್ತಾರೆ, ಸ್ವಂತವಾಗಿ ನುಂಗಬಾರದು. ತಂಬಾಕು, ಸಾರಾಯಿ ಚಟಗಳನ್ನು ಅವರಿಂದ ಮುಚ್ಚಿಡಕೂಡದು. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ (14416) 2022ರಿಂದ ಉಚಿತವಾಗಿ ಲಭ್ಯವಿದ್ದು, ಕನ್ನಡದಲ್ಲೂ ಮಾತನಾಡಬಹುದು.