ಪಂಚನಾಮೆಯಿಂದ ಕ್ಯಾಮರಾದವರೆಗೆ

ಪಂಚನಾಮೆ ಎಂಬ ಶಬ್ದ ನಮ್ಮ ಜತ್ತ ತಾಲೂಕಿನಲ್ಲಿ ಓದು ಬಾರದವರಿಗೂ ಗೊತ್ತು. ಮನೆ ಕಳವಾದರೆ ಪಂಚನಾಮೆ, ಬಣವಿ ಸುಟ್ಟರೆ ಪಂಚನಾಮೆ, ಬಾವಿಯಲ್ಲಿ ಹೆಣ ಸಿಕ್ಕರೆ ಪಂಚನಾಮೆ. ಪೊಲೀಸ ಪಾಟೀಲರು ಬರುತ್ತಾರೆ, ಹವಾಲ್ದಾರರು ಬರೆಯುತ್ತಾರೆ, ಊರಿನ ಇಬ್ಬರು ಸಹಿ ಮಾಡುತ್ತಾರೆ. ಬರೆದದ್ದು ಮರಾಠಿಯಲ್ಲಿ. ಸಹಿ ಮಾಡಿದವರು ಎಷ್ಟೋ ಸಲ ನಮ್ಮ ಕನ್ನಡ ಶಾಲೆಗಳಲ್ಲೇ ಕಲಿತವರು.

ಪೊಲೀಸರ ಎದೆಯ ಮೇಲಿನ ಕ್ಯಾಮರಾ ಬೇಕೋ ಬೇಡವೋ, ಜನರು ಪೊಲೀಸರ ವಿಡಿಯೋ ತೆಗೆಯಬಹುದೋ ಇಲ್ಲವೋ ಎಂಬ ಚರ್ಚೆ ಈಗ ಎಲ್ಲೆಡೆ ಇದೆ. ಗಡಿನಾಡಿನವರಾದ ನಮಗೆ ಈ ಚರ್ಚೆಯಲ್ಲಿ ಇನ್ನೂ ಒಂದು ಹಿತಾಸಕ್ತಿ ಇದೆ. ಕಾಗದದ ಮೇಲೆ ಉಳಿಯುವುದು ಬರೆಯುವವರ ಭಾಷೆ. ರೆಕಾರ್ಡಿಂಗಿನಲ್ಲಿ ಉಳಿಯುವುದು ಆಡಿದವರ ಭಾಷೆ.

ಇದರ ಇತಿಹಾಸ ಸ್ವಲ್ಪ ಹಳೆಯದು. 1855ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಚಿತ್ರಹಿಂಸೆಯ ದೂರುಗಳ ಬಗ್ಗೆ ವಿಚಾರಣಾ ಆಯೋಗವೊಂದು ವರದಿ ಕೊಟ್ಟಿತು. ಬಳ್ಳಾರಿ, ಕೆನರಾದಂಥ ಕನ್ನಡ ಪ್ರದೇಶಗಳು ಆಗ ಅದೇ ಪ್ರಾಂತದಲ್ಲಿದ್ದವು. ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಕೆಳಗಿನ ನೌಕರರು ಹಿಂಸೆ ಕೊಡುತ್ತಿದ್ದುದನ್ನು ಆಯೋಗ ಒಪ್ಪಿಕೊಂಡಿತು. 1861ರಲ್ಲಿ ಪೊಲೀಸ್ ಕಾಯ್ದೆ ಬಂತು. 1872ರ ಸಾಕ್ಷ್ಯ ಕಾಯ್ದೆಯ 25ನೆಯ ಕಲಮಿನಲ್ಲಿ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡಲು ಬಳಸುವಂತಿಲ್ಲ ಎಂದು ಬರೆದರು. ತಾನೇ ಕಟ್ಟಿದ ಪೊಲೀಸು, ಆದರೆ ಅದರ ಕಾಗದದ ಮೇಲೆ ಸರಕಾರಕ್ಕೇ ಪೂರ್ತಿ ನಂಬಿಕೆಯಿಲ್ಲ! 2023ರ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಈ ನಿಯಮ ಉಳಿದಿದೆ.

ಶೋಧನೆ ಮಾಡುವಾಗ ಆ ಊರಿನ ಇಬ್ಬರಾದರೂ ಗೌರವಸ್ಥರು ಹಾಜರಿರಬೇಕೆಂಬ ನಿಯಮ 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿತ್ತು. ಸಾಕ್ಷಿಗಳು ಇಬ್ಬರೇ ಆದರೂ ಹೆಸರು ಮಾತ್ರ ಪಂಚರು! ಪೊಲೀಸರ ಕಣ್ಣಿನ ಜೊತೆಗೆ ಊರಿನ ಕಣ್ಣೂ ಇರಲಿ ಎಂಬುದೇ ಅದರ ಅರ್ಥ. ಆ ಕಣ್ಣಿಗೆ ಕಂಡದ್ದನ್ನು ಓದಲು ಬಾರದ ಲಿಪಿಯಲ್ಲಿ ಬರೆದರೆ ಏನಾಗುತ್ತದೆ ಎಂಬ ಪ್ರಶ್ನೆ ನಮ್ಮಂಥ ಗಡಿಭಾಗದಲ್ಲೇ ಏಳುವಂಥದು.

ಜತ್ತ 1948ರವರೆಗೆ ಡಫಳೆ ಮನೆತನದ ಸಂಸ್ಥಾನ. ಆಮೇಲೆ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಪಕ್ಕದ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋದಾಗ ನಾವು ಈಚೆಗೆ ಉಳಿದೆವು. 1960ರ ಮೇ 1ರಿಂದ ಮಹಾರಾಷ್ಟ್ರದವರಾದೆವು. ಠಾಣೆಯ ಭಾಷೆ ಮರಾಠಿ. ಅದಕ್ಕಾಗಿ ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಬೇರೆ ಜಿಲ್ಲೆಯಿಂದ ಬಂದ ಫೌಜದಾರ ಸಾಹೇಬರಿಗೆ ಕನ್ನಡ ಬರಬೇಕೆಂದರೆ ಎಲ್ಲಿಂದ ಬರಬೇಕು? ಆದರೆ ನಮ್ಮ ಮುದುಕಿಯೊಬ್ಬಳು ‘ಹೊಡ್ಯಾಕ ಬಂದಿದ್ದ’ ಎಂದು ಜಬಾಬು ಕೊಟ್ಟದ್ದು ಕಾಗದದಲ್ಲಿ ‘ಹೊಡೆದ’ ಎಂದು ಇಳಿದರೆ ಹಚ್ಚುವ ಕಲಮೇ ಬದಲಾಗುತ್ತದೆ. ನಡುವೆ ನಿಂತು ಅನುವಾದ ಮಾಡಿದವರು ಯಾರು, ಏನು ಹೇಳಿದರು ಎಂಬುದು ಕಾಗದದಲ್ಲಿ ಕಾಣುವುದಿಲ್ಲ. ಧ್ವನಿಯಿದ್ದರೆ ಎಲ್ಲವೂ ಸಿಗುತ್ತದೆ.

ಹಾಗಾದರೆ ಪೊಲೀಸರ ಕ್ಯಾಮರಾ ಒಂದಿದ್ದರೆ ಸಾಕೇ? ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ 2005ರ ಸುಮಾರಿಗೆ ಇಂಥ ಕ್ಯಾಮರಾಗಳ ಪ್ರಯೋಗ ಶುರುವಾಯಿತು. ಬೆಂಗಳೂರಿನ ಸಂಚಾರ ಪೊಲೀಸರ ಎದೆಯ ಮೇಲೂ ಈಗ ಅದನ್ನು ಕಾಣುತ್ತೇವೆ. ಆದರೆ 2020ರ ಮೇ 25ರಂದು ಅಮೆರಿಕೆಯ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಪೊಲೀಸರ ಮೈಮೇಲೆ ಕ್ಯಾಮರಾ ಇತ್ತು. ಆದರೂ ಪೊಲೀಸ್ ಇಲಾಖೆಯ ಮೊದಲ ಹೇಳಿಕೆಯಲ್ಲಿ ಕುತ್ತಿಗೆಯ ಮೇಲಿನ ಮೊಣಕಾಲಿನ ಮಾತೇ ಇರಲಿಲ್ಲ. ಸತ್ಯ ಜಗತ್ತಿಗೆ ಗೊತ್ತಾದದ್ದು ದಾರಿಯಲ್ಲಿ ನಿಂತಿದ್ದ 17 ವರ್ಷದ ಹುಡುಗಿಯ ಮೊಬೈಲಿನಿಂದ. ಅಂದರೆ ಪೊಲೀಸರ ಕ್ಯಾಮರಾದ ಕೀಲಿ ಪೊಲೀಸರ ಕೈಯಲ್ಲೇ ಇರುತ್ತದೆ. ಜನರ ಕಣ್ಣೂ ಬೇಕು.

ಅಮೆರಿಕೆ ದೂರವಾಯಿತು, ನಮ್ಮ ಜಿಲ್ಲೆಯನ್ನೇ ನೋಡೋಣ. 2017ರ ನವೆಂಬರಿನಲ್ಲಿ ಸಾಂಗಲಿ ಶಹರ ಪೊಲೀಸರು ಹಿಡಿದಿದ್ದ ಯುವಕನೊಬ್ಬ ಓಡಿಹೋದನೆಂದು ಹೇಳಲಾಯಿತು. ನಂತರ, ಅವನು ಪೊಲೀಸರ ವಶದಲ್ಲೇ ಹೊಡೆತದಿಂದ ಸತ್ತನೆಂದೂ ಶವವನ್ನು ಆಂಬೋಲಿಗೆ ಒಯ್ದು ಸುಟ್ಟರೆಂದೂ ಆರೋಪ ಬಂದು, ಅಧಿಕಾರಿಯೂ ಸೇರಿ ಕೆಲವು ಪೊಲೀಸರು ಬಂಧಿತರಾದರು. ತನಿಖೆ ಸಿಐಡಿಗೆ ಹೋಯಿತು. ನಮ್ಮ ಭಾಗದವರು ಆ ದಿನಗಳನ್ನು ಮರೆತಿಲ್ಲ.

2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು ದೇಶದ ಪ್ರತಿ ಠಾಣೆಯಲ್ಲೂ ಧ್ವನಿಸಹಿತ ಸಿಸಿಟಿವಿ ಇರಬೇಕು, ಲಾಕಪ್, ಪಡಸಾಲೆ, ಬಾಗಿಲು ಯಾವುದೂ ತಪ್ಪಬಾರದು, ದೃಶ್ಯಗಳನ್ನು 18 ತಿಂಗಳು ಕಾಯ್ದಿಡಬೇಕು ಎಂದು ಆದೇಶಿಸಿತು. ಆದೇಶ ಒಂದು, ಜಾರಿ ಇನ್ನೊಂದು. ಕೆಲಸ ಮಾಡುವ ಕ್ಯಾಮರಾಗಳಿಲ್ಲವೆಂಬ ವಿಷಯವನ್ನು 2025ರ ಸೆಪ್ಟೆಂಬರಿನಲ್ಲಿ ಅದೇ ಕೋರ್ಟು ತಾನಾಗಿ ಕೈಗೆತ್ತಿಕೊಳ್ಳಬೇಕಾಯಿತು.

ಜನರು ತೆಗೆಯುವ ವಿಡಿಯೋ ಬಗ್ಗೆ ಮುಂಬಯಿ ಹೈಕೋರ್ಟಿನ ನಾಗಪುರ ಪೀಠ 2022ರ ಜುಲೈನಲ್ಲಿ ತೀರ್ಪು ಕೊಟ್ಟಿತು. ವರ್ಧಾದಲ್ಲಿ ನೆರೆಹೊರೆಯ ಜಗಳಕ್ಕೆ ಠಾಣೆಗೆ ಹೋದವರೊಬ್ಬರು ಅಲ್ಲಿನ ಮಾತುಕತೆಯ ವಿಡಿಯೋ ತೆಗೆದರೆಂದು 1923ರ ಅಧಿಕೃತ ರಹಸ್ಯಗಳ ಕಾಯ್ದೆ ಹಚ್ಚಿದ್ದರು. ಬೇಹುಗಾರರನ್ನು ಹಿಡಿಯಲು ಮಾಡಿದ ಕಾಯ್ದೆ ಅದು! ಆ ಕಾಯ್ದೆ ಹೇಳುವ ನಿಷಿದ್ಧ ಸ್ಥಳಗಳಲ್ಲಿ ಪೊಲೀಸ್ ಠಾಣೆ ಬರುವುದಿಲ್ಲವೆಂದು ಕೋರ್ಟು ಪ್ರಕರಣವನ್ನು ರದ್ದು ಮಾಡಿತು. ನಮಗೂ ಇದೇ ಹೈಕೋರ್ಟು. ಹಾಗೆಂದು ಪೊಲೀಸರ ಕೆಲಸಕ್ಕೆ ಅಡ್ಡಬಂದರೆ ಬೇರೆ ಕಲಮುಗಳಿವೆ. ಮಕ್ಕಳ, ಅತ್ಯಾಚಾರಕ್ಕೊಳಗಾದವರ ಮುಖ ತೋರಿಸುವುದಂತೂ ಅಪರಾಧವೇ. ನಮ್ಮ ಹತ್ತನೆಯ ತರಗತಿಯ ಹುಡುಗರಿಗೆ ಇದನ್ನು ಮೊದಲು ಹೇಳಬೇಕು, ಯಾಕೆಂದರೆ ಮೊಬೈಲ್ ಇರುವುದು ಅವರ ಕೈಯಲ್ಲೇ.

2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯ 105ನೆಯ ಕಲಮಿನ ಪ್ರಕಾರ ಶೋಧನೆ, ಜಪ್ತಿ, ಯಾದಿ ಬರೆಯುವುದು, ಪಂಚರು ಸಹಿ ಮಾಡುವುದು ಎಲ್ಲವನ್ನೂ ಧ್ವನಿ-ದೃಶ್ಯದಲ್ಲಿ, ಸಾಧ್ಯವಾದರೆ ಮೊಬೈಲಿನಲ್ಲೇ, ರೆಕಾರ್ಡ್ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಪಂಚರಾಗಿ ಕರೆ ಬಂದ ಪಾಲಕರು ಸಹಿಗೆ ಮುಂಚೆ ‘ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿರಿ’ ಎಂದು ರೆಕಾರ್ಡಿಂಗ್ ನಡೆಯುವಾಗಲೇ ಗಟ್ಟಿಯಾಗಿ ಕೇಳಬೇಕು. ಆ ಮಾತೂ ಮ್ಯಾಜಿಸ್ಟ್ರೇಟರವರೆಗೆ ಹೋಗುತ್ತದೆ.

2020ರ ಆದೇಶದಲ್ಲಿ ಇನ್ನೊಂದು ಮಾತಿದೆ. ಠಾಣೆಯಲ್ಲಿ ಕ್ಯಾಮರಾ ಇದೆಯೆಂದು ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ದೊಡ್ಡ ಫಲಕ ಹಾಕಬೇಕಂತೆ. ಜತ್ತ, ಉಮದಿ ಠಾಣೆಗಳ ಮಟ್ಟಿಗೆ ಸ್ಥಳೀಯ ಭಾಷೆ ಮರಾಠಿಯಷ್ಟೇ ಅಲ್ಲ, ಕನ್ನಡವೂ ಹೌದು. ಕನ್ನಡದ ಒಂದು ಸಾಲನ್ನೂ ಸೇರಿಸಿರೆಂದು ಗ್ರಾಮಸಭೆಯ ಠರಾವು ಕಳಿಸಲು ಖರ್ಚೇನೂ ಇಲ್ಲ. ಸಾಲು ಬರೆದುಕೊಡಲು ನಮ್ಮ ಶಾಲೆಗಳಲ್ಲಿ ಮಾಸ್ತರರಿದ್ದಾರೆ.