ಮೋಜಿನ ಟೈ (ಅಮೆರಿಕ)

ಮೀನು, ಕುದುರೆ, ತಾಳೆಮರ, ಈಜುಡುಗೆಯ ಹೆಣ್ಣು, ಕಾರ್ಟೂನ್ ಪಾತ್ರ ಮುಂತಾದ ಚಿತ್ರಗಳಿರುವ, ತಮಾಷೆಗೆಂದು ಕಟ್ಟಿಕೊಳ್ಳುವ ಟೈ. ಅಗಲವಾದ, ಕಣ್ಣು ಕುಕ್ಕುವ ಬಣ್ಣದ ಯಾವ ಟೈ ಸಿಕ್ಕಿದರೂ ಹಳೆಯ ಬಟ್ಟೆ ಮಾರುವವರು ಅದನ್ನು 1940ರ ದಶಕದ್ದು, ಕೈಯಲ್ಲಿ ಬರೆದದ್ದು ಎಂದುಬಿಡುವುದರಿಂದ ಇದರ ಕಾಲನಿರ್ಣಯ ಗೋಜಲಾಗಿದೆ.

ಕ್ರೊವೇಷಿಯಾದ ಕೂಲಿ ಸೈನಿಕರ ಕೊರಳವಸ್ತ್ರ 17ನೆಯ ಶತಮಾನದ ಫ್ರಾನ್ಸಿನಲ್ಲಿ ಷೋಕಿಯಾದ ಕಥೆ ಎಲ್ಲ ಕೋಶಗಳಲ್ಲೂ ಇದೆ. ಈ ವಿಷಯಕ್ಕೆ ಅದಕ್ಕಿಂತ ಮುಖ್ಯನಾದವನು ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಮೂರು ತುಂಡುಗಳಲ್ಲಿ ಹೊಲಿಯುವ ಅವನ ವಿಧಾನ 1920ರ ದಶಕದಲ್ಲಿ ಬಂತು. ಟೈ ತಿರುಚಿಕೊಳ್ಳದೆ ನೇರವಾಗಿ ಇಳಿಬಿದ್ದು, ಚಿತ್ರ ನಿಲ್ಲುವಂಥ ಮೈ ಪಡೆಯಿತು.

ಯುದ್ಧದಿಂದ ಮರಳಿದ ಸೈನಿಕರಿಗೆ ಖಾಕಿ ಸಾಕಾಗಿತ್ತು, ಆದ್ದರಿಂದ ಬಣ್ಣದ ಟೈಗಳ ಹುಚ್ಚು ಹಿಡಿಯಿತು ಎಂಬುದು ರೂಢಿಯ ವಿವರಣೆ. ಇದು ಅರ್ಧ ಸತ್ಯ. 1942ರ ಸರ್ಕಾರಿ ನಿರ್ಬಂಧಗಳು ಪ್ಯಾಂಟಿನ ಕಾಲಿನ ಮಡಿಕೆಯನ್ನೂ ನಿಷೇಧಿಸಿದ್ದವು. ಬಿಗಿ ಸಡಿಲವಾದಾಗ ಉಡುಪು ಧಾರಾಳವಾದದ್ದು ನಿಜ. ಆದರೆ ಕೌಂಟೆಸ್ ಮಾರಾ ಎಂಬ ನ್ಯೂಯಾರ್ಕಿನ ಸಂಸ್ಥೆ 1930ರ ದಶಕದಲ್ಲೇ ಗಾಢವಾದ ವಿನ್ಯಾಸಗಳನ್ನು, ತನ್ನ ಹೆಸರಿನ ಮೊದಲಕ್ಷರಗಳನ್ನು ಮುಂಭಾಗದಲ್ಲೇ ಹಾಕಿ ಮಾರುತ್ತಿತ್ತು. ಎಸ್ಕ್ವೈರ್ ಪತ್ರಿಕೆ 'ಬೋಲ್ಡ್ ಲುಕ್' ಎಂದು ಹೆಸರಿಟ್ಟು ಪ್ರಚಾರ ಮಾಡಿದ 1948ರ ಹೊತ್ತಿಗೆ ಹುಚ್ಚು ಆಗಲೇ ಏರಿತ್ತು. ಸಾಲ್ವಡೋರ್ ಡಾಲಿಯೂ ಆ ದಶಕದಲ್ಲಿ ಟೈಗಳಿಗೆ ಚಿತ್ರ ರಚಿಸಿದ. ಹೊರಗೆ ಸಭ್ಯವಾದ ಎಲೆಬಳ್ಳಿ, ಹಿಂದೆ ತಿರುಗಿಸಿದರೆ ಅಸ್ತರಿನ ಮೇಲೆ ಅರೆಬೆತ್ತಲೆ ಹೆಣ್ಣು: ಗೆಳೆಯರಿಗೆ ಮಾತ್ರ ತೋರಿಸುವ ಇಂಥ ಟೈಗಳೂ ಇದ್ದವು.

ನಿಜವಾಗಿ ಕೈಯಲ್ಲಿ ಬರೆದದ್ದರಲ್ಲಿ ಬಣ್ಣ ಸ್ವಲ್ಪ ಉಬ್ಬಿ, ಕುಂಚದ ಗೆರೆ ಏರುಪೇರಾಗಿರುತ್ತದೆ; ಎಷ್ಟೋ ಟೈಗಳು ಅಚ್ಚು ಹಾಕಿದವು. ಆಗ ಪ್ಯಾಂಟನ್ನು ಹೊಕ್ಕುಳ ಮಟ್ಟಕ್ಕೆ ಏರಿಸಿ ತೊಡುತ್ತಿದ್ದುದರಿಂದ 1940ರ ದಶಕದ ಟೈ ಗಿಡ್ಡ. ಉದ್ದವಾಗಿಯೂ ಅಗಲವಾಗಿಯೂ ಇದ್ದು, ಬಟ್ಟೆ ಪಾಲಿಯೆಸ್ಟರ್ ಆಗಿದ್ದರೆ 1970ರ ಸುತ್ತಿನದೆಂದು ಅನುಮಾನಿಸಬೇಕು. ಲಂಡನ್ನಿನ ಮೈಕೆಲ್ ಫಿಶ್ 1966ರಲ್ಲಿ, ರಾಲ್ಫ್ ಲಾರೆನ್ 1967ರಲ್ಲಿ ಅಗಲದ ಟೈಗೆ ಮರುಜೀವ ಕೊಟ್ಟಿದ್ದರು. ನೂಲಿನ ಬಗೆಯನ್ನು ಚೀಟಿಯಲ್ಲಿ ನಮೂದಿಸಬೇಕೆಂಬ 1958ರ ಕಾನೂನು 1960ರಲ್ಲಿ ಜಾರಿಗೆ ಬಂದದ್ದೂ ಒಂದು ಸುಳಿವು.

1950ರ ದಶಕದ ಸಪೂರ ಟೈಯಲ್ಲಿ ಚಿತ್ರಕ್ಕೆ ಜಾಗವೇ ಇರಲಿಲ್ಲ. 1980ರ ದಶಕದ ಕೊನೆಯಲ್ಲಿ ನಿಕೋಲ್ ಮಿಲ್ಲರ್ ಅವರ ರೇಷ್ಮೆ ಟೈಗಳು, 1992ರಲ್ಲಿ ಸಂಗೀತಗಾರ ಜೆರ್ರಿ ಗಾರ್ಸಿಯಾನ ಚಿತ್ರಗಳ ಟೈಗಳು ಜನಪ್ರಿಯವಾದವು. ಅಷ್ಟರಲ್ಲಿ ಕಚೇರಿಗಳೇ ಟೈ ಬಿಡತೊಡಗಿದ್ದವು. 2007ರ ಗ್ಯಾಲಪ್ ಸಮೀಕ್ಷೆಯಲ್ಲಿ ದಿನವೂ ಟೈ ಕಟ್ಟಿ ಕೆಲಸಕ್ಕೆ ಹೋಗುವವರು ಶೇ. 6 ಮಾತ್ರ, ಮರುವರ್ಷ ತಯಾರಕರ ಸಂಘವೇ ಬಾಗಿಲು ಹಾಕಿತು.

ಸಂಗ್ರಾಹಕರಿಗೆ ಟೈಯಷ್ಟೇ ಪ್ರಿಯವಾದದ್ದು ಅದನ್ನು ಕೊಂಡ ಅಂಗಡಿಯ ನೆನಪು: ಗಾಜಿನ ಪೆಟ್ಟಿಗೆ, ಮುಷ್ಟಿಗೆ ಟೈ ಸುತ್ತಿ ಗಂಟು ಹೇಗೆ ಕೂರುತ್ತದೆಂದು ತೋರಿಸುವ ಮಾರಾಟಗಾರ. ಆ ವ್ಯಾಪಾರ ಸದಾ ಸುಖದ್ದಾಗಿತ್ತೆಂದು ತಿಳಿಯಬೇಕಿಲ್ಲ. ಮುಂದೆ ಅಧ್ಯಕ್ಷನಾದ ಹ್ಯಾರಿ ಟ್ರೂಮನ್ ಪಾಲುದಾರನೊಡನೆ 1919ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ತೆರೆದ ಗಂಡಸರ ಉಡುಪಿನ ಅಂಗಡಿ 1922ರಲ್ಲಿ ಮುಚ್ಚಿತು. ಸಾಲ ತೀರಿಸಲು ಅವನಿಗೆ ವರ್ಷಗಳೇ ಹಿಡಿದವು. ಇಂಥ ಅಂಗಡಿಗಳು ತಯಾರಕರ ಚೀಟಿಯ ಜೊತೆಗೆ ತಮ್ಮದನ್ನೂ ಟೈಯ ಹಿಂದೆ ಹೊಲಿಸುವುದಿತ್ತು. ಅಂಗಡಿ ಮುಚ್ಚಿದ ವರ್ಷ ಗೊತ್ತಿದ್ದರೆ ಟೈ ಅದಕ್ಕಿಂತ ಈಚಿನದಲ್ಲವೆಂದು ಹೇಳಬಹುದು.