ವಿಜಯನಗರದ ಗಜಶಾಲೆ ಮತ್ತು ಆನೆಗಳ ಕುಲಭೇದ

ಹಂಪಿಯಿಂದ ಕಂಪ್ಲಿ, ಮೆಟ್ರಿ, ಸಂಡೂರುಗಳವರೆಗಿನ ಸೀಮೆಯಲ್ಲಿ ಇಂದು ಕಾಡಾನೆಗಳಿಲ್ಲ. ಆದರೆ ಈ ಸೀಮೆಯನ್ನು ಆಳಿದ ವಿಜಯನಗರದ ಅರಸರಿಗೆ ಆನೆಯು ಸೈನ್ಯದ ಬಲವೂ ರಾಜಚಿಹ್ನೆಯೂ ಆಗಿತ್ತು. ಇಮ್ಮಡಿ ದೇವರಾಯನು ‘ಗಜಬೇಟೆಕಾರ’ ಎಂಬ ಬಿರುದನ್ನು ಧರಿಸಿದ್ದನು. ಅವನ ಕಾಲದಲ್ಲಿ, 1443ರಲ್ಲಿ, ರಾಜಧಾನಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಅರಸನ ಬಳಿ ಸಾವಿರಕ್ಕೂ ಮಿಕ್ಕ ಆನೆಗಳಿದ್ದವೆಂದು ಬರೆದಿರುವುದಲ್ಲದೆ, ಅವುಗಳ ಆಹಾರಕ್ರಮವನ್ನೂ ವಿವರವಾಗಿ ದಾಖಲಿಸಿದ್ದಾನೆ: ಬೇಯಿಸಿದ ಕಿಚಡಿಯನ್ನು ಕೊಪ್ಪರಿಗೆಯಿಂದ ತೆಗೆದು, ಉಪ್ಪು ಉದುರಿಸಿ, ಸಕ್ಕರೆ ಬೆರೆಸಿ, ದೊಡ್ಡ ಉಂಡೆಗಳನ್ನು ಕಟ್ಟಿ, ಬೆಣ್ಣೆಯಲ್ಲಿ ಅದ್ದಿ, ಮಾವುತರು ದಿನಕ್ಕೆರಡು ಬಾರಿ ಆನೆಯ ಬಾಯಿಗೆ ಇಡುತ್ತಿದ್ದರು, ಇವುಗಳಲ್ಲಿ ಒಂದು ತಪ್ಪಿದರೂ ಆನೆ ಮಾವುತನ ಮೇಲೆ ಎರಗುತ್ತಿತ್ತು, ಅರಸನೂ ಅವನನ್ನು ದಂಡಿಸುತ್ತಿದ್ದನು. ಒಂದೊಂದು ಆನೆಗೂ ಪ್ರತ್ಯೇಕ ಕೋಣೆಯಿದ್ದು, ಅದರ ಮಾಳಿಗೆಗೆ ಬಲವಾದ ಮರದ ತೊಲೆಗಳಿದ್ದುವೆಂದೂ ಅವನು ಹೇಳುತ್ತಾನೆ. ರಾಣಿವಾಸದ ಪೂರ್ವಕ್ಕೆ ಈಗ ಉಳಿದಿರುವ ಗಜಶಾಲೆಯ 11 ಅಂಕಣಗಳ ಮೇಲಿರುವುದು ಗಾರೆಯ ಗುಮ್ಮಟಗಳು; ಆದ್ದರಿಂದ ರಜಾಕನು ಕಂಡದ್ದು ಬೇರೊಂದು ಕಟ್ಟಡವೆಂದು ತಿಳಿಯುವುದೇ ಸೂಕ್ತ.

ಇಷ್ಟು ಆನೆಗಳನ್ನು ಕೂಡಿಸಿ ಸಾಕಿದವರು ಅವುಗಳನ್ನು ಒಂದಕ್ಕೊಂದು ಹೋಲಿಸಿ ಬೆಲೆ ಕಟ್ಟಲೇಬೇಕಾಗಿತ್ತು. ಅದಕ್ಕೆ ಆಧಾರವಾದ ಗಜಶಾಸ್ತ್ರ, ಎಂದರೆ ಆನೆಯ ಲಕ್ಷಣ, ಪಳಗಿಕೆ, ಚಿಕಿತ್ಸೆಗಳನ್ನು ತಿಳಿಸುವ ವಿದ್ಯೆಯು, ಕನ್ನಡನಾಡಿನಲ್ಲಿ ವಿಜಯನಗರಕ್ಕಿಂತ ಬಹಳ ಹಳೆಯದು. ಗಂಗರ ಇಮ್ಮಡಿ ಶಿವಮಾರನ ಹೆಸರು ಅದರೊಂದಿಗೆ ಕೂಡಿಕೊಂಡಿದೆ, ಕಲ್ಯಾಣದ ಚಾಲುಕ್ಯ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ವೂ ಆನೆಯ ವಿಷಯವನ್ನು ವಿಸ್ತಾರವಾಗಿ ನಿರೂಪಿಸುತ್ತದೆ. ಈ ಶಾಸ್ತ್ರವು ಆನೆಗಳನ್ನು ಮೈಕಟ್ಟು ಮತ್ತು ಸ್ವಭಾವಗಳಿಂದ ವಿಂಗಡಿಸುತ್ತದೆ: ಅಂಗಾಂಗಗಳು ಹದವಾಗಿ ಬೆಳೆದ ಧೀರ ಆನೆ ಭದ್ರ, ದಪ್ಪ ಚರ್ಮದ ನಿಧಾನಗತಿಯದು ಮಂದ, ಕೃಶಕಾಯದ ಅಂಜುಬುರುಕ ಮೃಗ, ಈ ಗುಣಗಳು ಬೆರೆತದ್ದು ಮಿಶ್ರ. ಇದರ ಜೊತೆಗೆ ಹುಟ್ಟಿದ ಕಾಡಿನಿಂದ ಆನೆಯನ್ನು ಅಳೆಯುವ ರೂಢಿಯೂ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರವು ಕಳಿಂಗ, ಅಂಗ ಮೊದಲಾದ ಪೂರ್ವದೇಶಗಳ ಆನೆಗಳನ್ನು ಶ್ರೇಷ್ಠವೆಂದೂ, ದಶಾರ್ಣ ಮತ್ತು ಅಪರಾಂತಗಳವನ್ನು ಮಧ್ಯಮವೆಂದೂ, ಸೌರಾಷ್ಟ್ರ ಮತ್ತು ಪಂಚನದಗಳವನ್ನು ಕೀಳೆಂದೂ ಎಣಿಸಿದೆ. ಕಳಿಂಗ ಸೀಮೆಯನ್ನು ಆಳುತ್ತಿದ್ದ, ವಿಜಯನಗರದ ಎದುರಾಳಿಗಳಾದ ಒಡಿಶಾದ ಅರಸರು ‘ಗಜಪತಿ’ಗಳೆನಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 16ನೆಯ ಶತಮಾನದ ಆರಂಭದಲ್ಲಿ ಬರೆದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸನು ಸಿಂಹಳದ ಆನೆಗಳು ವಿಜಯನಗರಕ್ಕೂ ಮಾರಾಟವಾಗುತ್ತಿದ್ದುದನ್ನು ತಿಳಿಸುತ್ತಾನೆ.

ಗಮನಿಸಬೇಕಾದ ಸಂಗತಿಯೆಂದರೆ, ಭದ್ರ, ಮಂದ, ಮೃಗಗಳೆಲ್ಲವೂ ಪ್ರಾಣಿಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಪ್ರಭೇದಕ್ಕೆ, ಎಂದರೆ ಏಷ್ಯಾದ ಆನೆಗೆ ಸೇರಿದವು. ಕಾಡಿನ ಪ್ರಕಾರ ಮಾಡಿದ ಹೋಲಿಕೆಯಂತೂ ಬರಿಯ ಕಲ್ಪನೆಯಲ್ಲ. ಭಾರತ, ಶ್ರೀಲಂಕಾ, ಸುಮಾತ್ರಾಗಳ ಆನೆಗಳನ್ನು ಇಂದಿನ ವಿಜ್ಞಾನವೂ ಉಪಪ್ರಭೇದಗಳೆಂದು, ಒಂದೇ ಪ್ರಭೇದದೊಳಗಿನ ಕವಲುಗಳೆಂದು, ಎಣಿಸುತ್ತದೆ. ಉದಾಹರಣೆಗೆ, ಶ್ರೀಲಂಕಾದ ಗಂಡಾನೆಗಳಲ್ಲಿ ಕೊಂಬಿರುವವು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ.

ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಸಾಲಾಗಿ ಸಾಗುವ ಆನೆಗಳು ಈ ಏಷ್ಯಾದ ಆನೆಗಳೇ. ಏಷ್ಯಾದ ಆನೆಯ ನೆತ್ತಿಯಲ್ಲಿ ಕುಂಭಸ್ಥಳವೆಂದು ಹೆಸರಾದ ಜೋಡಿ ಉಬ್ಬುಗಳಿರುತ್ತವೆ, ಬೆನ್ನು ಕಮಾನಿನಂತೆ ಮೇಲೆದ್ದಿರುತ್ತದೆ, ಕಿವಿ ಚಿಕ್ಕದು, ಸೊಂಡಿಲ ತುದಿಯಲ್ಲಿ ಬೆರಳಿನಂಥ ಚಾಚು ಒಂದೇ, ಹೆಣ್ಣಿಗೆ ಹೊರಗೆ ಕಾಣುವಂಥ ಕೊಂಬಿಲ್ಲ. ಆಫ್ರಿಕಾದ ಹುಲ್ಲುಗಾವಲಿನ ಆನೆಗೆ ಬೆನ್ನು ನಡುವೆ ತಗ್ಗಿ, ಕಿವಿ ಹೆಗಲನ್ನು ಮುಚ್ಚುವಷ್ಟು ಅಗಲವಾಗಿ, ಸೊಂಡಿಲಿಗೆ ಎರಡು ಚಾಚುಗಳಿರುತ್ತವೆ. ಹೆಣ್ಣಿಗೂ ಕೊಂಬು ಮೂಡುತ್ತದೆ, ಗಂಡು ಆರು ಟನ್ ತೂಗಬಲ್ಲದು. ಆಫ್ರಿಕಾದ ದಟ್ಟ ಕಾಡಿನ ಆನೆಯು ಮೈಯಲ್ಲಿ ಚಿಕ್ಕದು, ಅದರ ಕಿವಿ ದುಂಡು, ಕೊಂಬು ನೇರವಾಗಿ ಕೆಳಮುಖ.

ಈ ಖಂಡಾಂತರ ಹೋಲಿಕೆಯು ಪ್ರಾಚೀನ ಯುದ್ಧರಂಗದಲ್ಲೊಮ್ಮೆ ನಡೆದಿತ್ತು. ಕ್ರಿ.ಪೂ. 217ರಲ್ಲಿ ಗಾಜಾದ ಬಳಿಯ ರಾಫಿಯಾದಲ್ಲಿ ಈಜಿಪ್ಟಿನ ನಾಲ್ಕನೆಯ ಟಾಲೆಮಿಯ 73 ಆಫ್ರಿಕಾದ ಆನೆಗಳಿಗೆ ಮೂರನೆಯ ಆಂಟಿಯೋಕಸನ 102 ಭಾರತೀಯ ಆನೆಗಳು ಎದುರಾದುವು. ಆಫ್ರಿಕಾದವು ಎದುರಾಳಿಗಳ ಗಾತ್ರಕ್ಕೂ ಕೂಗಿಗೂ ಬೆದರಿದುವೆಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಆಫ್ರಿಕಾದ ಹುಲ್ಲುಗಾವಲಿನ ಆನೆಯೇ ಎಲ್ಲಕ್ಕಿಂತ ದೊಡ್ಡದಾಗಿರುವುದರಿಂದ ಈ ಮಾತು ವಿದ್ವಾಂಸರನ್ನು ಬಹುಕಾಲ ತೊಡಕಿನಲ್ಲಿ ಸಿಲುಕಿಸಿತು.

ಯೂರೋಪಿನ ಶಾಸ್ತ್ರಜ್ಞರಿಗೂ ಈ ಭೇದ ಬೇಗ ಸ್ಪಷ್ಟವಾಗಲಿಲ್ಲ. 1758ರಲ್ಲಿ ಲಿನೇಯಸನು ಏಷ್ಯಾದ ಆನೆಗೆ ‘ಎಲಿಫಾಸ್ ಮ್ಯಾಕ್ಸಿಮಸ್’ ಎಂದು ಹೆಸರಿಟ್ಟು, ಸಿಂಹಳವನ್ನು ಅದರ ನೆಲೆಯೆಂದು ಸೂಚಿಸಿದನು; ಆಫ್ರಿಕಾದ ಆನೆ ಬೇರೆಯೆಂಬ ವಿವರಣೆ ಬಂದದ್ದು 1797ರಲ್ಲಿ, ಬ್ಲುಮೆನ್‌ಬಾಖನಿಂದ. ಆಫ್ರಿಕಾದ ಎರಡು ಬಗೆಗಳನ್ನು ಎರಡು ಪ್ರಭೇದಗಳಾಗಿ ಒಪ್ಪಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅವುಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ಅಳೆದು ಪ್ರಕಟಿಸಿದ್ದು 2021ರಲ್ಲಷ್ಟೇ. ಲಿನೇಯಸನು ಆಧಾರವಾಗಿಟ್ಟುಕೊಂಡ ಮಾದರಿಗಳಲ್ಲಿ ಒಂದಾದ, ಸ್ಟಾಕ್‌ಹೋಮಿನಲ್ಲಿರುವ ಆನೆಯ ಭ್ರೂಣವು ವಾಸ್ತವವಾಗಿ ಆಫ್ರಿಕಾದ ಆನೆಯದೆಂದು ಪ್ರಾಚೀನ ಡಿ.ಎನ್.ಎ. ಮತ್ತು ಪ್ರೋಟೀನುಗಳ ಪರೀಕ್ಷೆಯಿಂದ 2013ರಲ್ಲಿ ಖಚಿತವಾಯಿತು. ಅದರ ಬದಲು ಫ್ಲಾರೆನ್ಸಿನ ಸಂಗ್ರಹಾಲಯದ ಅಸ್ಥಿಪಂಜರವೊಂದನ್ನು ಏಷ್ಯಾದ ಆನೆಯ ಅಧಿಕೃತ ಮಾದರಿಯಾಗಿ ಆರಿಸಲಾಯಿತು.